ಖಾಲಿ ಸ್ಟೂಲಿಗೆ ಕೈಮುಗಿದ ಯದುಗಿರಿ ಮೇಡಂ

ವೃದ್ಧರ ಸೇವೆಯೆಂದರೆ ಹೊದಿಕೆ ಹಂಚಿ ಫೋಟೊ ತೆಗೆಸಿಕೊಳ್ಳುವುದೆಂದು ನಮ್ಮ ಸೀಮೆಯ ಬಹಳಷ್ಟು ಜನ ತಿಳಿದಿದ್ದ ಕಾಲದಲ್ಲಿ, ಅದು ಕಲಿತು ಮಾಡಬೇಕಾದ ಕೆಲಸವೆಂದು ತೋರಿಸಿಕೊಟ್ಟವರು ಶ್ರೀಮತಿ ಯದುಗಿರಿಯವರು. ಬೇಲೂರಿನ ದೇವಸ್ಥಾನದ ಪರಿಚಾರಕರ ಮನೆಯಲ್ಲಿ ಹುಟ್ಟಿ, ಅರಸೀಕೆರೆಯ ನಮ್ಮ ತರಬೇತಿ ಕೇಂದ್ರದಲ್ಲಿ ಹಿರಿಯರ ಆರೈಕೆಯನ್ನು ಕಲಿಸುತ್ತಲೇ ತಲೆ ನರೆತ ಅವರು ಈಗ ನಿವೃತ್ತರಾಗುತ್ತಿರುವಾಗ, ನಾಲ್ಕು ಮಾತು ಬರೆಯುವ ಭಾಗ್ಯ ಶಿಷ್ಯೆಯಾದ ನನ್ನದಾಗಿದೆ.

೧೯೯೮ರಲ್ಲಿ ನಾನು ಸೇರಿದಾಗ ಮೇಡಂ ಪುಸ್ತಕವನ್ನೇ ತೆರೆಯಲಿಲ್ಲ. ಚಪ್ಪಲಿಯೊಳಗೆ ಹುರುಳಿಕಾಳು ಹಾಕಿಸಿ, ಕಿವಿಗೆ ಹತ್ತಿ ತುಂಬಿಸಿ, ಬೇಲೂರು ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬರಲು ನಿಲ್ದಾಣಕ್ಕೆ ಕಳಿಸಿದರು. ಕಂಡಕ್ಟರು ರೇಗಿದ, ನಾನು ಅತ್ತೆ. "ಇನ್ಮೇಲೆ ನಿಮ್ಮಜ್ಜಿ ಮೇಲೆ ರೇಗು, ನೋಡೋಣ" ಎಂದು ನಕ್ಕು, ತಮ್ಮ ಡಬ್ಬಿಯ ಮೊಸರನ್ನವನ್ನು ನನಗೇ ಕೊಟ್ಟುಬಿಟ್ಟರು.

ಮರುವರ್ಷ ನನ್ನನ್ನೂ ಸಹಪಾಠಿ ಮಧುಕುಮಾರನನ್ನೂ ಮಾದಿಹಳ್ಳಿಯ ಲಕ್ಕಮ್ಮನವರ ಮನೆಗೆ ನೇಮಿಸಿದರು. ಮಗ ದೇವರಾಜ್ ಮೇಷ್ಟ್ರು. ಮನೆ ತುಂಬ ಜನ. ಹಿರಿಯರೊಡನೆ ನಿಂತು ಮಾತಾಡಬಾರದು, ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು ಎಂಬುದು ನಾವು ಉರುಹೊಡೆದಿದ್ದ ನಿಯಮ. ಮಧುಕುಮಾರ್ ಅದರಂತೆಯೇ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಲಕ್ಕಮ್ಮ ಕಿಟಾರನೆ ಕಿರುಚಿ ಗೋಡೆಯತ್ತ ತಿರುಗಿಬಿಟ್ಟರು. ಅಂದಿನಿಂದ ಮುದ್ದೆಯೂ ಇಲ್ಲ, ಗಂಜಿಯೂ ಇಲ್ಲ. ಡಾಕ್ಟರು ಬಂದು ರೋಗವೇನೂ ಇಲ್ಲವೆಂದು ಹೇಳಿಹೋದರು. ಅಜ್ಜಿ ನಮ್ಮ ಕಣ್ಣೆದುರೇ ಸೊರಗುತ್ತಿದ್ದರು. ಇನ್ನು ಉಳಿಯುವುದಿಲ್ಲವೆಂದು ನಮಗೆ ಜೀವ ಬಾಯಿಗೆ ಬಂದಿತ್ತು.

ಸುದ್ದಿ ತಿಳಿದು ಬಂದ ಮೇಡಂ ಹೊಸ್ತಿಲಲ್ಲೇ ನಿಂತು, "ಲಕ್ಕಮ್ಮನೋರೇ, ಮನೇಲಿ ಯಾರ್ಯಾರಿದ್ದೀರಿ?" ಎಂದರು. ಪ್ರತಿ ಮನೆಯಲ್ಲೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆಯಿದು. ಹಿರಿಯರು ಯಾರ ಹೆಸರು ಹೇಳಿದರೂ ಅವರನ್ನು ಮಾತಾಡಿಸುವುದು ಮೇಡಂ ಪದ್ಧತಿ.

"ನಾನು, ನಮ್ಮ ಯಜಮಾನ್ರು" ಎಂದು ಅಜ್ಜಿ ಗೋಡೆ ನೋಡುತ್ತಲೇ ಹೇಳಿದರು. "ಆ ಹುಡ್ಗ ಬಂದು ಅವ್ರ ತೊಡೆ ಮ್ಯಾಲೇ ಕುಂತ್ಬುಟ್ಟ ಕಣವ್ವ. ಅವ್ರು ಮುನಿಸ್ಕಂಡವ್ರೆ. ಅವ್ರು ಉಣ್ದೆ ನಾನೆಂಗುಣ್ಲಿ?"

"ನಮ್ಮಪ್ಪ, ಗಂಗಯ್ಯ ಅಂತ. ತೀರ್ಕಂಡು ಎಷ್ಟೋ ವರ್ಷ ಆಯ್ತು ಮೇಡಂ" ಎಂದು ದೇವರಾಜ್ ಪಿಸುಗುಟ್ಟಿದರು.

ಮೇಡಂ ಒಳಗೆ ಹೋಗಿ ಖಾಲಿ ಸ್ಟೂಲಿಗೆ ಕೈಮುಗಿದರು. "ಗಂಗಯ್ಯನೋರೇ, ಹುಡುಗ ಗೊತ್ತಿಲ್ದೆ ಕೂತ. ಕೇಳಿ ಕೂರಬೇಕು ಅಂತ ನಾನೇ ಕಲಿಸಿರಲಿಲ್ಲ. ಹೊಟ್ಟೆಗೆ ಹಾಕ್ಕೊಂಡು ಊಟಕ್ಕೇಳಿ." ಎರಡು ತಟ್ಟೆಗೆ ಮುದ್ದೆ ಬಡಿಸಿ ಒಂದನ್ನು ಸ್ಟೂಲಿನ ಮುಂದಿಟ್ಟರು. ಗಾಳಿಯಾಡದ ಆ ಕೋಣೆಯಲ್ಲಿ ಸ್ಟೂಲು ಕಿರ್ರೆಂದಿತು. ಲಕ್ಕಮ್ಮ ಮೆಲ್ಲನೆ ಇತ್ತ ತಿರುಗಿ ತುತ್ತು ಮುರಿದರು. ನನಗೆ ಅಳು ಬಂತು. ಭಯಕ್ಕೋ ಸಂತೋಷಕ್ಕೋ ಇಂದಿಗೂ ಹೇಳಲಾರೆ.

ಉಂಡು ಕೈತೊಳೆದ ಅಜ್ಜಿ, ಹೊರಡಲು ಎದ್ದ ಮೇಡಂ ಅವರನ್ನು ದಾಟಿ ಬಾಗಿಲ ಕಡೆ ನೋಡಿದರು.

"ನಿಮ್ಮವ್ವನ್ನ ಆಗ್ಲಿಂದ ಬಾಗ್ಲಲ್ಲೇ ನಿಲ್ಸಿದ್ದೀಯಲ್ಲವ್ವ. ಪಾಪ, ಕಾಲ್ ನೋಯಕಿಲ್ವ? ಒಳಕ್ಕೆ ಕರಿ."

ಆ ಮನೆಯಲ್ಲಿ ಯಾರಿಗೂ ತಿಳಿದಿರದ ಸಂಗತಿಯೊಂದಿತ್ತು. ಹಿಂದಿನ ವರ್ಷ ಬೇಲೂರಿನಲ್ಲಿ ಮೇಡಂ ಅವರ ತಾಯಿ ಕೊನೆಯುಸಿರೆಳೆಯುವಾಗ, ಮೇಡಂ ಗೆಂಡೆಹಳ್ಳಿಯಲ್ಲಿ ಯಾರದೋ ತಾಯಿಗೆ ಗಂಜಿ ಕುಡಿಸುತ್ತಿದ್ದರು. ಈಗ ಅವರ ಮುಖ ಬಿಳಿಚಿಕೊಂಡಿತು. ಬಾಗಿಲಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಬಿಟ್ಟು ಕೂತರು. ಹಳೇಬೀಡಿನಲ್ಲಿ ಜನ ನುಗ್ಗಿದರು. "ವಸಿ ಸರ್ಕಳ್ಳಿ, ಜಾಗ ಐತಲ್ಲ" ಎಂದರೊಬ್ಬ ಹೆಂಗಸು. ಮೇಡಂ ಸರಿಯಲಿಲ್ಲ. ಎದ್ದು ತಮ್ಮ ಜಾಗವನ್ನೇ ಅವರಿಗೆ ಕೊಟ್ಟು, ಅರಸೀಕೆರೆಯವರೆಗೂ ನಿಂತೇ ಬಂದರು.

ಲಕ್ಕಮ್ಮ ಆಮೇಲೆ ಬಹುಕಾಲ ಬದುಕಿದರು. ನಮ್ಮ ಮೇಡಂ ಅವರೂ ನೂರ್ಕಾಲ ಬಾಳಲಿ, ಹೊಸ ಮಕ್ಕಳಿಗೆ ಈ ಕೆಲಸ ಕಲಿಸುತ್ತಲೇ ಇರಲಿ. ಅವರಿಗೆ ನನ್ನ ನಮಸ್ಕಾರಗಳು. ಜೊತೆಯಲ್ಲಿರುವ ಅವರ ತಾಯಿಯವರಿಗೂ.