ಹೆಜ್ಜೇನಿನ ಮರ ಮತ್ತು ಕೇರಳದ ಲೈನು

ಕೇರಳಕ್ಕೆ ಹೋಗುವ ಹೈಟೆನ್ಷನ್ ಲೈನೊಂದು ನಮ್ಮ ಕಾಫಿ ಗುಡ್ಡಗಳ ಮೇಲೆ ಹಾಯುವುದಿತ್ತು. ಎಲ್ಲಿ ಹಾದರೆ ಎಷ್ಟು ಕಾಡು, ಎಷ್ಟು ತೋಟ ಹೋಗುತ್ತದೆಂದು ಮೊದಲೇ ನೋಡಿ ವರದಿ ಕೊಡುವ ತಂಡದಲ್ಲಿ ನನಗೆ ಕೆಲಸ. ಇದೇ ಸೀಮೆಯ ವಸ್ತಾರೆಯವಳಾದ್ದರಿಂದ ತೋಟದವರ ಜೊತೆ ಮಾತಾಡುವುದು ನನ್ನ ಪಾಲಿಗೆ ಬಂತು.

ಜಾವಳಿ ಹತ್ತಿರ ಇಬ್ಬರು ಓರಗಿತ್ತಿಯರ ತೋಟ ಅಕ್ಕಪಕ್ಕ. ಆಸ್ತಿ ಪಾಲಾದಾಗಿನಿಂದ ಅವರಿಗೆ ಮಾತಿಲ್ಲ. ದೊಡ್ಡವರು ನನಗೆ ಕಾಫಿ ಕೊಟ್ಟು, "ಲೈನ್ ಬರ್ಲಿ ಮಾರಾಯ್ತಿ, ಆದ್ರೆ ಅವಳ ತೋಟದ ಮೇಲೆ ಹೋಗ್ಲಿ" ಅಂದರು. ಚಿಕ್ಕವರ ಮನೆಯಲ್ಲೂ ಅದೇ ಮಾತು. ಕಾಫಿ ಜೊತೆ ಕಡುಬು ಬೇರೆ.

ಜಾಗ ನೋಡುವ ದಿನ ಇಬ್ಬರೂ ಗಡಿಗೆ ಬಂದರು. ಮಾರುದೂರದಲ್ಲಿ ನಿಂತಿದ್ದರೂ ಮಾತೆಲ್ಲ ನನ್ನ ಮೂಲಕ.

"ಬೇಲಿ ನನ್ನ ಜಾಗದ ಒಳಗೆ ಬಂದಿದೆ ಅಂತ ಅವ್ರಿಗೆ ಹೇಳು" ಅಂದರು ಚಿಕ್ಕವರು.

"ಬೇಲಿ ಹಾಕ್ಸಿದ್ದೇ ಅವಳು ಅಂತ ನೀನೇ ಹೇಳು" ಅಂದರು ದೊಡ್ಡವರು.

ನಾನು ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗುತ್ತಿದ್ದೆ. ಅಷ್ಟರಲ್ಲಿ ನಮ್ಮ ಎಂಜಿನಿಯರು ಮೇಲಿನಿಂದ ಚಿತ್ರ ತೆಗೆಯಲು ಡ್ರೋನ್ ಹಾರಿಸಿದರು. ಗಡಿಯಲ್ಲಿದ್ದ ಬಸರಿ ಮರದ ಎತ್ತರದ ಕೊಂಬೆಗಳ ತುಂಬ ಹೆಜ್ಜೇನು. ಆ ಸದ್ದಿಗೆ ಒಂದು ಹುಟ್ಟಿನ ಜೇನು ಪೂರ್ತಿ ಎದ್ದಿತು.

"ಓಡಿ!"

ಕಾಫಿ ಗಿಡಗಳ ನಡುವೆ ಬಿದ್ದೆದ್ದು ಓಡಿ ನಾಲ್ವರೂ ಜೀಪಿಗೆ ನುಗ್ಗಿದೆವು. ಗಾಜು ಏರಿಸಿದ ಮೇಲೆ ನೋಡಿದರೆ, ಹಿಂದಿನ ಸೀಟಿನಲ್ಲಿ ಓರಗಿತ್ತಿಯರಿಬ್ಬರೂ ಒಬ್ಬರಿಗೊಬ್ಬರು ಒತ್ತಿ ಕೂತಿದ್ದಾರೆ. ಚಿಕ್ಕವರ ಕೆನ್ನೆ ಊದುತ್ತಿತ್ತು.

"ಅಲ್ಲಾಡ್ಬೇಡ, ಮುಳ್ಳು ಇನ್ನೂ ಅಲ್ಲೇ ಇದೆ" ಅಂದರು ದೊಡ್ಡವರು. ಉಗುರಿನಲ್ಲಿ ಕೆರೆದು ತೆಗೆದು, ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದರು.

"ನಿಮ್ಗೂ ಕಚ್ಚಿದೆ ಅಕ್ಕ, ಕಿವಿ ಹತ್ರ" ಅಂದರು ಚಿಕ್ಕವರು. ಮರುಕ್ಷಣ ಇಬ್ಬರಿಗೂ ತಡೆಯಲಾರದ ನಗು. ನನ್ನ ಮೂಗು ಊದಿ ಬದನೆಕಾಯಿಯಾಗಿತ್ತು. ಆದರೂ ನಾನೂ ನಕ್ಕೆ.

ನಗು ನಿಂತ ಮೇಲೆ ದೊಡ್ಡವರು ಎಂಜಿನಿಯರ ಕಡೆ ತಿರುಗಿದರು. "ಈ ಮರ ನಮ್ಮತ್ತೆ ಕಾಲದಿಂದ ಇದೆ. ಇದನ್ನ ಕಡಿಯೋ ಹಾಗಿಲ್ಲ."

"ಲೈನು ನನ್ನ ತೋಟದ ಮೇಲೂ ಬೇಡ, ಅಕ್ಕನ ತೋಟದ ಮೇಲೂ ಬೇಡ" ಅಂದರು ಚಿಕ್ಕವರು.

ಆ ಮರವನ್ನೂ, ಅದರ ಜೇನನ್ನೂ ವರದಿಯಲ್ಲಿ ಬರೆದೆ. ಊರಿನ ಸಭೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ವಾದ ಮುಂದುವರಿಸಿದರು. ಎಂಜಿನಿಯರು ಬೆವರು ಒರೆಸಿಕೊಂಡರು. ಕೊನೆಗೆ ಮಾರ್ಗವನ್ನು ರಸ್ತೆ ಬದಿಯ ಹಳೇ ಲೈನಿನ ಪಕ್ಕಕ್ಕೆ ಸರಿಸಿದರು. ಅಲ್ಲಿಯೂ ಒಂದಷ್ಟು ಸಿಲ್ವರ್ ಓಕ್ ಮರಗಳು ಉರುಳಿದವು, ನೋಡಿ ಬೇಸರವಾಯಿತು. ಆದರೆ ಓರಗಿತ್ತಿಯರು ಆ ವರ್ಷ ಕಾಫಿ ಕೊಯ್ಲಿಗೆ ಆಳುಗಳನ್ನು ಒಟ್ಟಿಗೇ ಕರೆಸಿದರಂತೆ.