ಮೂಲೆ ಮಡಚಿದ ವಾಕ್ಯ

ಮೊನ್ನೆ ಹೊಳಲ್ಕೆರೆ ಪೇಟೆಯಲ್ಲಿ ಹಳದಿ ಬಣ್ಣದ ದಪ್ಪ ಕಾಗದ ಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಮ್ಮೆ ಮೂಸಿದೆ. ಅಂಗಡಿಯವನು ನೋಡಿಯೇಬಿಟ್ಟ. "ಏನ್ ಮೇಷ್ಟ್ರೆ, ಹೊಸ ವರ್ಷ ಬಂತಾ?" ಎಂದ. ನಿವೃತ್ತ ಮೇಷ್ಟರಿಗೆ ಹೊಸ ವರ್ಷದಲ್ಲಿ ಏನು ಸಂಭ್ರಮ ಎಂದು ನೀವು ಕೇಳಬಹುದು. ಡಿಸೆಂಬರಿನ ಕೊನೆಯ ವಾರ ಬಂತೆಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಅಷ್ಟೆ.

ನಮ್ಮ ಚರ್ಚಿನ ಸಭೆ ಸಣ್ಣದು. ಇಪ್ಪತ್ತು ಮನೆ ಇದ್ದರೆ ಹೆಚ್ಚು. ಜನವರಿ ಒಂದರ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ಮುಂದೆ ಹೋಗಿ, ಬೋರಲು ಹಾಕಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತೇವೆ. ಅದರಲ್ಲಿ ಸತ್ಯವೇದದ ಒಂದು ವಾಕ್ಯ ಇರುತ್ತದೆ. ವರ್ಷವಿಡೀ ಅದು ನಮ್ಮ ವಾಕ್ಯ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಆ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದು ಮೂವತ್ತು ವರ್ಷವಾಯಿತು. ಕೆಲಸ ಸಣ್ಣದು, ಜಂಬ ಮಾತ್ರ ದೊಡ್ಡದಿತ್ತು.

ನಾನು ಆರಿಸುತ್ತಿದ್ದುದೆಲ್ಲ ಸಿಹಿಸಿಹಿ ವಾಕ್ಯಗಳು. ಆಶೀರ್ವಾದ, ಆರೋಗ್ಯ, ತುಂಬಿ ಹರಿಯುವ ಪಾತ್ರೆ. ಎತ್ತಿಕೊಂಡವರ ಮುಖ ಅರಳಬೇಕಲ್ಲ! ಹೀಗಿರುವಾಗ ಒಂದು ವರ್ಷ ಡಿಸೆಂಬರಿನಲ್ಲಿ ಸುವಾರ್ತಮ್ಮ ನನ್ನನ್ನು ಚರ್ಚಿನ ಬಾಗಿಲಲ್ಲೇ ತಡೆದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದ ಹೆಂಗಸು. ಅರ್ಧ ಊರಿಗೆ ಸೂಜಿ ಚುಚ್ಚಿದ ಕೈ, ಮಾತೂ ಅದೇ ಜಾತಿ.

"ಎಲ್ಲಾ ತಗಳೋ ವಾಕ್ಯಾನೇ ಬರ್ದೀಯಲ್ಲಪ್ಪ, ಕೊಡೋ ವಾಕ್ಯ ಒಂದೂ ಇಲ್ಲ. ಕಹಿ ಔಷ್ದಿ ತೆಗ್ದಿಟ್ಟು ಬರೀ ಸಕ್ರೆ ನೀರು ಕೊಟ್ರೆ ರೋಗಿ ಬದುಕ್ತಾನಾ?"

ಬರುವ ವರ್ಷ ಇವನ್ನೂ ಸೇರಿಸು ಎಂದು ಒಂದು ಪಟ್ಟಿಯನ್ನೇ ಕೈಗಿಟ್ಟರು. ಅದರಲ್ಲೊಂದು, ಕಾಣಿಕೆ ಕೊಡುವ ಮೊದಲು ಹೋಗಿ ನಿನ್ನ ಸಹೋದರನೊಂದಿಗೆ ರಾಜಿಯಾಗು ಎಂಬರ್ಥದ ವಾಕ್ಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಓದಿದ ಕೂಡಲೇ ನನಗೆ ದೇವದಾನನ ನೆನಪಾಯಿತು.

ದೇವದಾನ ಚಿಕ್ಕಜಾಜೂರಿನ ರೈಲ್ವೆ ನೌಕರ. ಪ್ರತಿ ಭಾನುವಾರ ಅಲ್ಲಿಂದ ಬಸ್ಸು ಹಿಡಿದು ಬಂದು ನಮ್ಮ ಜೊತೆ ಹಾಡುತ್ತಿದ್ದ. ಅದಕ್ಕೆ ಎರಡು ವರ್ಷ ಹಿಂದೆ, ಕ್ರಿಸ್ಮಸ್ಸಿಗೆ ಮನೆಮನೆಗೆ ಹಾಡಿಕೊಂಡು ಹೋಗುವಾಗ, ಪಕ್ಕದ ಬೀದಿಯ ಗೌಡರ ಮನೆಯವರು ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಕೂರಿಸಿದ್ದರು. ಅಷ್ಟು ಜನರ ಎದುರಿಗೆ ನಾನು, ಇವನು ಬಾಯಿ ತೆಗೆದರೆ ಗೂಡ್ಸ್ ಗಾಡಿ ಬಂದಂತಾಗುತ್ತದೆ ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಹಾಡಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತು ಎದ್ದು ಹೋಗುತ್ತಿದ್ದ. ತಪ್ಪು ನನ್ನದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದಕ್ಕೂ ಬಸ್ಸು ಹತ್ತಿ ಹೋಗಿ ಹೇಳುವುದಕ್ಕೂ ಬಹಳ ದೂರ.

ಸುವಾರ್ತಮ್ಮನ ಭಯಕ್ಕೆ ಆ ವಾಕ್ಯ ಬರೆದೆ. ಬರೆದು, ನನ್ನ ಕೈಗೆ ಬಾರದಿರಲೆಂದು ಚೀಟಿಯ ಮೂಲೆಯನ್ನು ಚೂರು ಮಡಚಿಟ್ಟೆ. ದೇವರ ಮುಂದೆ ಇಸ್ಪೀಟು ಎಲೆಗೆ ಗುರುತು ಮಾಡಿದವನು ನಾನೊಬ್ಬನೇ ಇರಬೇಕು. ಹೊಸ ವರ್ಷದ ಬೆಳಿಗ್ಗೆ ಭಕ್ತಿಯಿಂದ ಕಣ್ಣು ಅರೆಮುಚ್ಚಿ ಕೈ ಚಾಚಿದೆ. ಬೆರಳು ಮಡಚಿದ ಮೂಲೆಗೇ ತಗುಲಿತು. ಮೆಲ್ಲಗೆ ಪಕ್ಕಕ್ಕೆ ಸರಿಸಿ ಬೇರೆ ಚೀಟಿ ಎತ್ತಿಕೊಂಡೆ. ತಿರುಗಿ ನೋಡಿದರೆ ಸಾಲಿನಲ್ಲಿ ನನ್ನ ಬೆನ್ನಿಗೇ ದೇವದಾನ ನಿಂತಿದ್ದ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬಾಗಿಲು ಸದ್ದಾಯಿತು. ಹೊಸ್ತಿಲಾಚೆ ಅವನು, ಕೈಯಲ್ಲಿ ಹಳದಿ ಚೀಟಿ. "ಮೇಷ್ಟ್ರೆ, ನಂಗೆ ಈ ವಾಕ್ಯ ಬಂದೈತೆ. ಎರಡು ವರ್ಷ ಸಿಟ್ಟು ಇಟ್ಕಂಡಿದ್ದೆ, ಕ್ಷಮಿಸ್ರಿ" ಎಂದ. ನಾನೋ, ಮಹಾ ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿಯೂಬಿಟ್ಟೆ! ತಬ್ಬಿಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿಸಿದೆ. ಚೀಟಿಯ ಮಡಚಿದ ಮೂಲೆಯನ್ನು ಮಾತ್ರ ಕಾಣದವನ ಹಾಗೆ ನಟಿಸಿದೆ.

ಇದಾಗಿ ಎಂಟು ವರ್ಷ. ಸುವಾರ್ತಮ್ಮ ಈಗಿಲ್ಲ. ಪ್ರತಿ ಜನವರಿಯಲ್ಲೂ ಒಳ್ಳೆಯ ಕ್ರೈಸ್ತನಾಗುತ್ತೇನೆಂದು ನಾನು ಪಟ್ಟಿ ಹಾಕುತ್ತೇನೆ: ಐದಕ್ಕೆ ಎದ್ದು ಸತ್ಯವೇದ ಓದುವುದು, ಪಾದ್ರಿ ಅಯ್ಯನವರ ಪ್ರಸಂಗದಲ್ಲಿ ತೂಕಡಿಸದಿರುವುದು, ಹೆಂಡತಿಯ ಮೇಲೆ ರೇಗದಿರುವುದು. ಸಂಕ್ರಾಂತಿಯ ಎಳ್ಳು ಬೆಲ್ಲ ಅಕ್ಕಪಕ್ಕದ ಮನೆಗಳಿಂದ ಬರುವ ಹೊತ್ತಿಗೆ ಪಟ್ಟಿ ಖಾಲಿಯಾಗಿರುತ್ತದೆ. ದೇವದಾನನಿಗೆ ನಿಜ ಹೇಳಬೇಕೆಂಬುದು ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಬರೆದರೆ ಮಾಡಬೇಕಾಗುತ್ತದಲ್ಲ.

ಮೊನ್ನೆ ಕಾಗದ ಕೊಂಡು ಮನೆಯ ಕಡೆ ಹೊರಟವನು ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಜಾಜೂರಿನ ಬಸ್ಸು ಕಂಡು, ಏನಾಯಿತೋ, ಹತ್ತಿಬಿಟ್ಟೆ. ದಾರಿಯುದ್ದಕ್ಕೂ ಎದೆ ಡವಡವ. ಪರೀಕ್ಷೆಗೆ ಹೋಗುವ ಹುಡುಗರನ್ನು ಎಷ್ಟು ವರ್ಷ ಗದರಿಸಿದ್ದೆ, ಅವರ ಶಾಪವೇ ಇರಬೇಕು. ದೇವದಾನನ ಮನೆ ಜಗುಲಿಯಲ್ಲಿ ಕೂತು, ಕೊಟ್ಟ ಟೀ ಮುಟ್ಟದೆ, ಮಡಚಿದ ಮೂಲೆಯಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ತಪ್ಪು ನನ್ನದು, ಅವತ್ತು ಕ್ಷಮೆ ಕೇಳಬೇಕಾದವನು ನಾನು ಎಂದೆ.

ಅವನು ಟೀ ಲೋಟವನ್ನು ನನ್ನ ಹತ್ತಿರಕ್ಕೆ ತಳ್ಳಿದ.

"ನಂಗೊತ್ತು ಮೇಷ್ಟ್ರೆ. ನೀವು ಅದ್ನ ಮುಟ್ಟಿ ಬಿಟ್ಟಿದ್ದು ಹಿಂದಿಂದ ನೋಡ್ದೆ. ಅದ್ರಾಗೆ ಏನೈತೋ ನೋಡೇಬಿಡಾಣ ಅಂತ ಅದ್ನೇ ತಗಂಡೆ. ಓದಿದ್ ಮ್ಯಾಲೆ ಗೊತ್ತಾತು, ನಿಮ್ಗೆ ಬರಾಕೆ ಆಗಲ್ಲ ಅಂತ. ಅದ್ಕೇ ನಾನೇ ಬಂದೆ."

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಅರವತ್ತಾರು ವರ್ಷದ ಗಂಡಸು ಬೀದಿಗೆ ಕಾಣುವಂತೆ ಕೂತು ಅತ್ತೆ. ಮನಸ್ಸು ಎಷ್ಟು ಹಗುರವಾಯಿತೆಂದರೆ, ಅಳುತ್ತಲೇ ನಗುವೂ ಬಂತು.

ಹೊರಡುವಾಗ ಕಾಗದದ ಕಟ್ಟನ್ನು ಅವನ ಕೈಗಿಟ್ಟು, ಈ ಸಲ ನೀನೇ ಬರಿ ಎಂದೆ. ಅವನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಇರಲಿ. ಹೊಸ ವರ್ಷಕ್ಕೆ ಇನ್ನು ನಾಲ್ಕು ದಿನ. ಮೂವತ್ತು ವರ್ಷದಲ್ಲಿ ಇದೇ ಮೊದಲು, ಯಾವ ಚೀಟಿಯಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲ.