ಕೊಂಡಮ್ಮನ ಅರವಟ್ಟಿಗೆ

ಕೊಂಡಮ್ಮ ತನ್ನ ಭಾವನನ್ನು ಕ್ಷಮಿಸಿದಳು ಎಂದು ಊರಿನವರು ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರಲ್ಲಿ ಒಬ್ಬರೂ ಆ ದಿನ ಬೆಟ್ಟದ ಮೇಲೆ ಇರಲಿಲ್ಲ. ನಾನಿದ್ದೆ.

ನಮ್ಮೂರಿನಿಂದ ದೇವರಾಯಸಮುದ್ರಕ್ಕೆ ಹೋಗಿ ಬಸ್ಸು ಹಿಡಿಯಬೇಕಾದರೆ ಆಗ ಬೆಟ್ಟ ಹತ್ತಿ, ಅದರ ನೆತ್ತಿಯ ಮೇಲೆ ಉದ್ದಕ್ಕೂ ನಡೆದು ಆಚೆ ಇಳಿಯಬೇಕಿತ್ತು. ಗಾಡಿದಾರಿ ಬಹಳ ಸುತ್ತು. ಮೇಲೆ ಮರವೆಂಬುದಿಲ್ಲ, ಬರೀ ಬಂಡೆ. ನಡುವೆ ಪಾಳೇಗಾರರ ಕಾಲದ ಒಂದು ಕಾವಲು ಬುರುಜು, ಅರ್ಧ ಕುಸಿದಿದ್ದು. ನೆರಳೆಂದರೆ ಅದೊಂದೇ. ಯುಗಾದಿಯಿಂದ ಮೊದಲ ಮಳೆಯವರೆಗೆ ಕೊಂಡಮ್ಮ ಅಲ್ಲಿ ಅರವಟ್ಟಿಗೆ ಇಡುತ್ತಿದ್ದಳು. ನಸುಕಿನಲ್ಲೇ ನಮ್ಮೂರ ಬಾವಿಯಿಂದ ನೀರು ಹೊತ್ತು ತಂದು, ದಾರಿಹೋಕರ ಬೊಗಸೆಗೆ ತಂಬಿಗೆಯಿಂದ ಹುಯ್ಯುತ್ತಿದ್ದಳು. ಹುಯ್ಯುತ್ತಲೇ ಬೈಯುತ್ತಿದ್ದಳು.

ನಾನು ರೇಷ್ಮೆಗೂಡಿನ ಬುಟ್ಟಿ ಹೊತ್ತು ಸಂತೆಗೆ ಹೋಗುವವನು. ದೂರದಿಂದ ಕಂಡರೆ ಸಾಕು, ಶುರು. "ಏಮ್ರಾ, ಈ ಉರಿಬಿಸಿಲಲ್ಲಿ ಹೊರಟಿದ್ದೀಯ? ಬಿದ್ದು ಸತ್ರೆ ನಿನ್ನ ಹೆಂಡ್ತಿಗೆ ನಾನು ಹೋಗಿ ಹೇಳ್ಬೇಕಾ? ಕುಡಿ, ಕತ್ತೆ! ನಿಧಾನ ಕಣೋ, ನೆತ್ತಿಗೇರ್ತದೆ!" ನನಗೆ ನೀರು ಬೇಕಿತ್ತು, ಅವಳ ಬಾಯಿ ಬೇಡವಾಗಿತ್ತು. ಎರಡನ್ನೂ ನುಂಗಿಕೊಂಡು ಹೋಗುತ್ತಿದ್ದೆ.

ಅವಳ ಗಂಡ ವೆಂಕಟರಮಣಪ್ಪ ವಾಂತಿಭೇದಿ ಹಿಡಿದು ಮಲಗಿದಾಗ, ಅವಳು ಗಂಡನ ಅಣ್ಣ ಅಪ್ಪಾಜಪ್ಪನ ಬಾಗಿಲಿಗೆ ಗಾಡಿ ಕೇಳಲು ಹೋಗಿದ್ದಳು. ಬದುವಿನ ಜಗಳದಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. "ಎತ್ತು ಸುಸ್ತಾಗವೆ" ಎಂದವನೇ ಕದ ಹಾಕಿಕೊಂಡ. ರೋಗಿಯನ್ನು ಜೋಲಿ ಕಟ್ಟಿ ನಾವೇ ಬೆಟ್ಟ ಹತ್ತಿಸಿದೆವು. ಬುರುಜಿನ ಹತ್ತಿರ ವೆಂಕಟರಮಣಪ್ಪ ನೀರು ಕೇಳಿದ. ಯಾರ ಬಳಿಯೂ ಇರಲಿಲ್ಲ. ಅಲ್ಲೇ ಪ್ರಾಣ ಬಿಟ್ಟ.

ತಿಥಿಯ ದಿನ ಕೊಂಡಮ್ಮ ಊರ ಮುಂದೆ ಎರಡು ಆಣೆ ಮಾಡಿದಳು. ಬೇಸಿಗೆಯಲ್ಲಿ ಆ ಬುರುಜಿನ ಹತ್ತಿರ ಇನ್ನು ಯಾರೂ ಬಾಯಾರಿ ಹೋಗಕೂಡದು. ಅಪ್ಪಾಜಪ್ಪನಿಗೆ ತನ್ನ ಕೈಯಿಂದ ಒಂದು ಹನಿಯೂ ಇಲ್ಲ. ಅರವಟ್ಟಿಗೆಯ ಕಟ್ಟಳೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಬಂದವರಲ್ಲಿ ಒಬ್ಬರಿಗೆ ಇಲ್ಲವೆಂದರೂ ಅದು ಅಲ್ಲಿಗೆ ಮುಗಿಯಿತು, ಮತ್ತೆ ಇಡುವ ಹಾಗಿಲ್ಲ. ಎರಡು ಆಣೆಯೂ ಒಟ್ಟಿಗೆ ನಡೆಯುವುದು ಹೇಗೆಂದು ಅವಳ ಮುಂದೆ ಬಾಯಿಬಿಡುವ ಧೈರ್ಯ ಯಾರಿಗೂ ಬರಲಿಲ್ಲ.

ಅಪ್ಪಾಜಪ್ಪನೂ ಕಮ್ಮಿ ಇರಲಿಲ್ಲ. ಸೋರೆಬುರುಡೆಯಲ್ಲಿ ತನ್ನ ನೀರು ತಾನೇ ತರುತ್ತಿದ್ದ. ಬೇಕೆಂದೇ ಅವಳ ಎದುರು ನಿಂತು ಬಾಯಿ ಮುಕ್ಕಳಿಸಿ ಉಗಿದು, ಉಳಿದದ್ದನ್ನು ಕಾದ ಬಂಡೆಯ ಮೇಲೆ ಸುರಿಯುತ್ತಿದ್ದ. ಆಚೆ ಇಳಿದ ಮೇಲೆ ಇನ್ನೊಂದು ಬಾವಿ ಇತ್ತು, ಅಲ್ಲಿ ತುಂಬಿಕೊಂಡರಾಯಿತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಇದೇ ಹೊಲಸು ಆಟ ವರ್ಷಗಟ್ಟಲೆ ನಡೆಯಿತು.

ಎಂಬತ್ಮೂರರ ಬೇಸಿಗೆಯಲ್ಲಿ ಆಚೆಯ ಬಾವಿ ಬತ್ತಿತು. ಅದನ್ನರಿಯದ ಅಪ್ಪಾಜಪ್ಪ ಅಂದು ಬೆಳಿಗ್ಗೆಯೂ ಬುರುಡೆ ಬರಿದು ಮಾಡಿ ಇಳಿದು ಹೋಗಿದ್ದ. ಮಧ್ಯಾಹ್ನ ನಾನು ಸಂತೆಯಿಂದ ಮರಳಿ, ಬೈಸಿಕೊಂಡು ನೀರು ಕುಡಿದು, ಬುರುಜಿನ ನೆರಳಲ್ಲಿ ಕೂತಿದ್ದೆ. ಮುದುಕ ತೂರಾಡುತ್ತಾ ಬಂದ. ತುಟಿ ಒಡೆದಿತ್ತು. ನೆರಳಿಗೂ ಬಾರದೆ ಬಿಸಿಲಲ್ಲೇ ಕುಸಿದು ಕೂತ.

"ಹುಯ್ಯಕ್ಕಾ," ಎಂದೆ.

"ನೀನ್ ಬಾಯ್ಮುಚ್ಲಾ."

ಅವನು ನೀರು ಕೇಳಲಿಲ್ಲ, ಇವಳು ಅಲುಗಲಿಲ್ಲ. ಇಬ್ಬರಿಗೂ ಎರಡೆರಡು ಬಾರಿಸಬೇಕೆನಿಸಿತು ನನಗೆ. ಕೊನೆಗೆ ಅಪ್ಪಾಜಪ್ಪ ಅಂಬೆಗಾಲಿಟ್ಟು ನೆರಳಿಗೆ ಬಂದು, ಅವಳ ಕಾಲ ಬಳಿ ಬೊಗಸೆ ಒಡ್ಡಿದ.

ಕೊಂಡಮ್ಮ ತಂಬಿಗೆ ತುಂಬಿಕೊಂಡು ನಿಂತಳು. ಅವನಂತೆಯೇ ಬಂಡೆಯ ಮೇಲೆ ಸುರಿಯುತ್ತಾಳೆ ಎಂದುಕೊಂಡೆ. ಸುರಿಯಲಿಲ್ಲ. ಬೊಗಸೆಗೆ ಹುಯ್ದಳು. ಅವನು ಗುಟುಕರಿಸಿದಷ್ಟೂ ಹುಯ್ದಳು. ಆಣೆ ಒಂದು ಹೋಯಿತು, ಅರವಟ್ಟಿಗೆ ಉಳಿಯಿತು. ಆದರೆ ಅವಳ ಬಾಯಿಂದ ಒಂದು ಮಾತು ಬರಲಿಲ್ಲ. ಕತ್ತೆ ಎನ್ನಲಿಲ್ಲ, ನಿಧಾನ ಎನ್ನಲಿಲ್ಲ.

ಅಪ್ಪಾಜಪ್ಪ ಮುಖವೆತ್ತಿದ. ಗಡ್ಡದಿಂದ ನೀರು ಇಳಿಯುತ್ತಿತ್ತು.

"ಬೈಯಮ್ಮಾ," ಎಂದ. "ಎಲ್ರಿಗೂ ಬೈತೀಯ. ನಂಗೂ ಒಂದ್ ಮಾತು ಬೈಯಮ್ಮಾ."

ಅವಳು ಮಣ್ಣು ಹಾಕಿ ತಂಬಿಗೆ ತಿಕ್ಕಿದಳು. ಕೊಡದಲ್ಲಿ ಉಳಿದಿದ್ದ ನೀರನ್ನೆಲ್ಲ ಬಂಡೆಗೆ ಚೆಲ್ಲಿ, ಬರೀ ಕೊಡ ಸೊಂಟಕ್ಕಿಟ್ಟುಕೊಂಡು, ಹೊಸ ನೀರಿಗೆ ಊರ ಕಡೆ ಇಳಿದಳು. ತಿರುವಿನಲ್ಲಿ ನಿಂತು ಕೂಗಿದಳು: "ಏಯ್! ಇನ್ನೂ ಯಾಕ್ಲಾ ಕೂತಿದ್ದೀಯ, ಕತ್ತೆ? ಮನೇಲಿ ಕಾಯ್ತಿರ್ತಾರೆ, ಬಾರೋ!"

ಅಪ್ಪಾಜಪ್ಪ ಧಡಕ್ಕನೆ ಎದ್ದ. ಅವಳು ನೋಡುತ್ತಿದ್ದುದು ನನ್ನ ಕಡೆ ಎಂದು ತಿಳಿದು, ಮತ್ತೆ ಕೂತ.